ಎರಡು ದಿನದಲ್ಲಿ ಒಂದು ನಗರವನ್ನು ಓದಬಹುದೆ? ಟೊಲೆಡೊ, ಹನುಮನಹಳ್ಳಿ, ಕೊಪಣ

ಯುನೆಸ್ಕೊ ಸಂಸ್ಥೆಯು 1986ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿಕೊಂಡ ತಾಣಗಳ ಪೈಕಿ ನದೀತೀರದ ಎರಡು ಹಳೆಯ ರಾಜಧಾನಿಗಳಿವೆ. ಒಂದು ಸ್ಪೇನ್ ದೇಶದ ಟೊಲೆಡೊ, ಇನ್ನೊಂದು ನಮ್ಮ ಹಂಪಿ. ಟೊಲೆಡೊ ನಗರವನ್ನು ತಾಹೊ ನದಿ ಮೂರು ಕಡೆಯಿಂದ ಬಳಸಿ ಹರಿಯುತ್ತದೆ. ಹಂಪಿಯ ಬಂಡೆಗಳ ನಡುವೆ ತುಂಗಭದ್ರೆ ತನ್ನ ದಾರಿ ಮಾಡಿಕೊಂಡಿದ್ದಾಳೆ. ಎರಡಕ್ಕೂ ಇಂದು ವಾರಾಂತ್ಯದಲ್ಲಿ ಬೆನ್ನಿಗೆ ಚೀಲ ಹಾಕಿಕೊಂಡ ವಿದ್ಯಾರ್ಥಿಗಳ ಗುಂಪುಗಳು ಬಂದು ಹೋಗುತ್ತವೆ. ಮ್ಯಾಡ್ರಿಡ್‌ನಿಂದ ಟೊಲೆಡೊಗೆ ವೇಗದ ರೈಲಿನಲ್ಲಿ ಅರ್ಧ ಗಂಟೆಯ ದಾರಿ. ಬೆಂಗಳೂರಿನಿಂದ ಹೊಸಪೇಟೆಗೆ ಒಂದು ರಾತ್ರಿಯ ಪಯಣ. ಶುಕ್ರವಾರ ಸಂಜೆ ಹೊರಟು ಸೋಮವಾರದ ತರಗತಿಗೆ ಮರಳುವ ಈ ಬಗೆಯ ಪ್ರವಾಸವನ್ನು ನಮ್ಮ ಅಧ್ಯಾಪಕವರ್ಗ ಸಾಮಾನ್ಯವಾಗಿ ಹಗುರವಾಗಿ ಕಾಣುತ್ತದೆ. ವಿದ್ಯಾರ್ಥಿಗಳೂ ಅದನ್ನು ಓದಿನಿಂದ ಸಿಕ್ಕ ಬಿಡುವೆಂದೇ ಎಣಿಸುತ್ತಾರೆ.

ಹನುಮನಹಳ್ಳಿಯಲ್ಲಿ ಹುಟ್ಟಿ ಬೆಳೆದು, ಈಗ ಉನ್ನತ ವ್ಯಾಸಂಗಕ್ಕಾಗಿ ಮ್ಯಾಡ್ರಿಡ್‌ನಲ್ಲಿರುವ ವಿದ್ಯಾರ್ಥಿನಿಯೊಬ್ಬಳು ಇಂಥದೊಂದು ಶನಿವಾರ, ಭಾನುವಾರವನ್ನು ಟೊಲೆಡೊದಲ್ಲಿ ಕಳೆದು, ಕೆಲವು ಚಿತ್ರಗಳ ಜೊತೆಗೆ ನನಗೊಂದು ಪತ್ರ ಬರೆದಳು. ಅದರ ಸಾರ ಇಷ್ಟು: "ಸರ್, ಇಲ್ಲಿ ಎರಡು ದಿನ ಇದ್ದೆ, ಮೂರು ಲಿಪಿಗಳ ಬರಹ ನೋಡಿದೆ. ನಮ್ಮೂರಲ್ಲಿ ಇಪ್ಪತ್ತು ವರ್ಷ ಇದ್ದೆ. ಅಂಜನಾದ್ರಿ ಹತ್ತಿದ್ದೇನೆ, ಹಂಪಿಯ ಉತ್ಸವಕ್ಕೆ ಹೋಗಿದ್ದೇನೆ. ಆದರೆ ಒಂದು ಬರಹದ ಮುಂದೆ ನಿಲ್ಲಿಸಿ ಇದನ್ನು ಓದು ಎಂದು ಹೇಳಿದವರು ಯಾರೂ ನೆನಪಿಗೆ ಬರುತ್ತಿಲ್ಲ. ನಮ್ಮ ಕಡೆ ಹಾಗೆ ಓದುವಂಥದ್ದು ಇಲ್ಲವೆ?" ಆಕೆಗೆ ಬರೆದ ಉತ್ತರ ಚಿಕ್ಕದು. ಈ ಲೇಖನ ಅದರ ವಿಸ್ತಾರ. ಪ್ರಶ್ನೆ ಒಬ್ಬಳದಾದರೂ ಉತ್ತರ ಬೇಕಾಗಿರುವುದು ಸಾಹಿತ್ಯದ ವಿದ್ಯಾರ್ಥಿಗಳೆಲ್ಲರಿಗೆ ಎಂಬುದು ನನ್ನ ಭಾವನೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಒಂದು ಐತಿಹಾಸಿಕ ನಗರವನ್ನು ಅರಿಯಲು ಎರಡು ದಿನ ಸಾಲದು ಎಂಬುದು ನಿಜ. ಆದರೆ ಅದನ್ನು ಓದಲು ಆರಂಭಿಸಲು ಎರಡು ದಿನ ಧಾರಾಳವಾಗಿ ಸಾಕು. ಅದಕ್ಕೆ ಬೇಕಾದದ್ದು ಎರಡೇ: ಹೋಗುವ ಮುನ್ನ ಓದಿಕೊಂಡ ಒಂದು ಕೃತಿ, ಹೋದಮೇಲೆ ನಿಂತು ಓದುವ ಒಂದು ಶಾಸನ. ಇವೆರಡಿದ್ದರೆ ವಾರಾಂತ್ಯದ ಪ್ರವಾಸವೂ ಕ್ಷೇತ್ರಕಾರ್ಯವಾಗುತ್ತದೆ. ಇಲ್ಲದಿದ್ದರೆ ತಿಂಗಳುಗಟ್ಟಲೆ ತಂಗಿದರೂ ಉಳಿಯುವುದು ಚಿತ್ರಗಳು ಮಾತ್ರ. ಇನ್ನೊಂದು ಮಾತು: ತುಂಗಭದ್ರೆಯ ದಡದ ವಿದ್ಯಾರ್ಥಿಗೆ ಟೊಲೆಡೊವನ್ನು ನೆನಪಿಸಬೇಕಾದದ್ದು ಹಂಪಿಗಿಂತ ಹೆಚ್ಚಾಗಿ ಕೊಪ್ಪಳ.

ಮೊದಲು ಟೊಲೆಡೊವನ್ನೇ ನೋಡೋಣ. ವಿಸಿಗಾಥ್ ಅರಸರ ರಾಜಧಾನಿಯಾಗಿದ್ದ ಈ ನಗರ ಎಂಟನೆಯ ಶತಮಾನದ ಆರಂಭದಲ್ಲಿ ಮುಸ್ಲಿಮರ ಆಳ್ವಿಕೆಗೆ ಬಂತು. 1085ರಲ್ಲಿ ಆರನೆಯ ಅಲ್ಫಾನ್ಸೊ ಎಂಬ ಕ್ರೈಸ್ತ ದೊರೆಯ ವಶವಾಯಿತು. ಅಲ್ಲಿ 999ರಲ್ಲಿ ಕಟ್ಟಿದ ಒಂದು ಪುಟ್ಟ ಮಸೀದಿ ಇಂದಿಗೂ ನಿಂತಿದೆ. ಅದನ್ನು ಕಟ್ಟಿಸಿದವನ ಹೆಸರನ್ನೂ ಕಟ್ಟಿದವನ ಹೆಸರನ್ನೂ ಮುಂಗೋಡೆಯ ಮೇಲೆ ಇಟ್ಟಿಗೆಗಳನ್ನೇ ಜೋಡಿಸಿ ಅರಬ್ಬಿಯ ಕೂಫಿ ಲಿಪಿಯಲ್ಲಿ ಬರೆಯಲಾಗಿದೆ. ಮುಂದೆ ಆ ಮಸೀದಿ ಇಗರ್ಜಿಯಾಯಿತು, ಬರಹ ಉಳಿಯಿತು. ಹದಿನಾಲ್ಕನೆಯ ಶತಮಾನದ ನಡುಭಾಗದಲ್ಲಿ ಪೆದ್ರೊ ದೊರೆಯ ಖಜಾಂಚಿಯಾಗಿದ್ದ ಸಾಮುಯೆಲ್ ಹಾಲೆವಿ ಒಂದು ಯಹೂದಿ ಪ್ರಾರ್ಥನಾಮಂದಿರ ಕಟ್ಟಿಸಿದನು. ಅದರ ಗಾರೆಗೋಡೆಗಳ ಮೇಲೆ ಹೀಬ್ರೂ ಬರಹಗಳಿವೆ. ನಡುನಡುವೆ ಅರಬ್ಬಿ ಅಕ್ಷರಗಳೂ ಇವೆ. ಕಟ್ಟಿಸಿದವನು ಕೊನೆಗೆ ಅದೇ ದೊರೆಯ ಕೋಪಕ್ಕೆ ಗುರಿಯಾಗಿ ಪ್ರಾಣ ಕಳೆದುಕೊಂಡನು. 1492ರಲ್ಲಿ ಯಹೂದಿಗಳನ್ನು ದೇಶದಿಂದಲೇ ಹೊರಹಾಕಲಾಯಿತು. ಮಂದಿರ ಇಗರ್ಜಿಯಾಗಿ, ಈಗ ವಸ್ತುಸಂಗ್ರಹಾಲಯವಾಗಿದೆ.

ಪ್ರವಾಸೋದ್ಯಮದವರು ಟೊಲೆಡೊವನ್ನು "ಮೂರು ಸಂಸ್ಕೃತಿಗಳ ನಗರ" ಎಂದು ಕರೆಯುತ್ತಾರೆ. ಮಾತು ಇಂಪಾಗಿದೆ, ಪೂರ್ತಿ ಸುಳ್ಳೂ ಅಲ್ಲ. ಕ್ರೆಮೋನಾ ಊರಿನ ಗೆರಾರ್ಡ್ ಎಂಬ ವಿದ್ವಾಂಸ ಹನ್ನೆರಡನೆಯ ಶತಮಾನದಲ್ಲಿ ಇಲ್ಲಿಗೆ ಬಂದು, ಟಾಲೆಮಿಯ ಖಗೋಳಗ್ರಂಥವನ್ನೂ ಅಲ್ ಖ್ವಾರಿಜ್ಮಿಯ ಬೀಜಗಣಿತವನ್ನೂ ಅರಬ್ಬಿಯಿಂದ ಲ್ಯಾಟಿನ್‌ಗೆ ತಂದನು. ಅದಕ್ಕೂ ಹಿಂದೆ, ಹನ್ನೊಂದನೆಯ ಶತಮಾನದಲ್ಲಿ, ಟೊಲೆಡೊದ ನ್ಯಾಯಾಧೀಶನಾಗಿದ್ದ ಸಾಯಿದ್ ಅಲ್ ಅಂದಲುಸಿ ಎಂಬಾತ ಲೋಕದ ಜನಾಂಗಗಳನ್ನು ಅವರ ವಿದ್ಯೆಯಿಂದ ವಿಂಗಡಿಸುವ ಗ್ರಂಥ ಬರೆದು, ವಿದ್ಯೆಯನ್ನು ಬೆಳೆಸಿದ ಜನಾಂಗಗಳಲ್ಲಿ ಭಾರತೀಯರನ್ನು ಮೊದಲು ಹೆಸರಿಸಿದನು. ಕನ್ನಡದ ವಿದ್ಯಾರ್ಥಿನಿ ಅಲ್ಲಿನ ಓಣಿಗಳಲ್ಲಿ ನಡೆಯುವಾಗ ಇದು ಗೊತ್ತಿದ್ದರೆ ಆ ಊರು ಅವಳಿಗೆ ಪರಕೀಯವಾಗುವುದಿಲ್ಲ. ಆದರೆ "ಮೂರು ಸಂಸ್ಕೃತಿ" ಎಂಬ ಘೋಷವಾಕ್ಯ ಬಾಯಿ ಬಿಡದ ಒಂದು ಸಂಗತಿಯಿದೆ. ಮೂವರಲ್ಲಿ ಇಬ್ಬರನ್ನು ಹೊರದೂಡಿದ ಮೇಲೂ ಗೋಡೆಗಳು ಅವರ ಭಾಷೆಯನ್ನು ಬಿಟ್ಟುಕೊಡಲಿಲ್ಲ. ಇದು ಘೋಷವಾಕ್ಯದಿಂದ ತಿಳಿಯುವುದಿಲ್ಲ, ಬರಹದ ಮುಂದೆ ನಿಂತಾಗ ತಿಳಿಯುತ್ತದೆ.

ಸಾಹಿತ್ಯದ ವಿದ್ಯಾರ್ಥಿ ಟೊಲೆಡೊಗೆ ಒಯ್ಯಬೇಕಾದ ಕೃತಿ ಯಾವುದೆಂದು ಕೇಳಿದರೆ, "ಡಾನ್ ಕ್ವಿಕ್ಸೋಟ್" ಕಾದಂಬರಿಯ ಮೊದಲ ಭಾಗದ ಒಂಬತ್ತನೆಯ ಅಧ್ಯಾಯವೊಂದೇ ಸಾಕು ಎನ್ನುತ್ತೇನೆ. ಅದುವರೆಗೆ ಸಾಗಿದ ಕಥೆ ಒಂದು ಕಾಳಗದ ನಡುವೆ ತಟಕ್ಕನೆ ನಿಂತುಬಿಡುತ್ತದೆ; ಮುಂದಿನ ಭಾಗ ಸಿಕ್ಕಿಲ್ಲ ಎನ್ನುತ್ತಾನೆ ನಿರೂಪಕ. ಆಮೇಲೊಂದು ದಿನ ಟೊಲೆಡೊದ ಪೇಟೆಯಲ್ಲಿ ಹುಡುಗನೊಬ್ಬ ರೇಷ್ಮೆ ವ್ಯಾಪಾರಿಗೆ ಹಳೆಯ ಕಾಗದಗಳನ್ನು ಮಾರುತ್ತಿರುವುದು ಅವನ ಕಣ್ಣಿಗೆ ಬೀಳುತ್ತದೆ. ಅದರಲ್ಲೊಂದು ಅರಬ್ಬಿ ಹಸ್ತಪ್ರತಿ. ಓದಿಸಿ ನೋಡಿದರೆ ನಿಂತುಹೋದ ಕಥೆಯೇ ಅದು. ಅರಬ್ಬಿ ಬಲ್ಲ ಒಬ್ಬ ಮೊರಿಸ್ಕೊ, ಎಂದರೆ ಕ್ರೈಸ್ತನಾಗಿ ಮತಾಂತರಗೊಂಡ ಮುಸ್ಲಿಂ ಮನೆತನದವನು, ಒಣದ್ರಾಕ್ಷಿ ಮತ್ತು ಗೋಧಿಯ ಸಂಭಾವನೆಗೆ ಅದನ್ನು ಅನುವಾದಿಸಿ ಕೊಡುತ್ತಾನೆ. ಸರ್ವಾಂಟಿಸ್ ಇದನ್ನು ಪ್ರಕಟಿಸಿದ್ದು 1605ರಲ್ಲಿ. ನಾಲ್ಕೇ ವರ್ಷಗಳ ನಂತರ, 1609ರಲ್ಲಿ, ಮೊರಿಸ್ಕೊಗಳನ್ನೂ ಸ್ಪೇನಿನಿಂದ ಹೊರಹಾಕುವ ಆಜ್ಞೆ ಹೊರಟಿತು. ಸ್ಪ್ಯಾನಿಷ್ ಭಾಷೆಯ ಮಹಾಕಾದಂಬರಿ ತನ್ನನ್ನು ಅರಬ್ಬಿಯಿಂದಾದ ಅನುವಾದವೆಂದು ಹೇಳಿಕೊಂಡಿತಲ್ಲ, ಆ ತಮಾಷೆಯ ಹಿಂದಿನ ನೋವು ಟೊಲೆಡೊದ ಗೋಡೆಗಳನ್ನು ಕಂಡವರಿಗೆ ಬೇಗ ತಟ್ಟುತ್ತದೆ.

ಟೊಲೆಡೊದಿಂದ ನಮ್ಮ ನದಿಗೆ ಬರಲು ಕಲ್ಪನೆಯ ಸೇತುವೆ ಬೇಕಿಲ್ಲ. ದಾಖಲೆಯ ದಾರಿಯೇ ಇದೆ. ತಾಹೊ ನದಿ ಪಶ್ಚಿಮಕ್ಕೆ ಹರಿದು ಪೋರ್ಚುಗಲ್ಲನ್ನು ಹೊಕ್ಕು ಲಿಸ್ಬನ್ ಬಳಿ ಸಮುದ್ರ ಸೇರುತ್ತದೆ. ಗೋವೆಗೆ ಬಂದ ಪೋರ್ಚುಗೀಸ್ ಹಡಗುಗಳು ಹೊರಟದ್ದು ಆ ನದೀಮುಖದಿಂದ. ಕೃಷ್ಣದೇವರಾಯನ ಕಾಲದಲ್ಲಿ, ಸುಮಾರು 1520ರಲ್ಲಿ, ವಿಜಯನಗರವನ್ನು ಕಂಡ ಡೊಮಿಂಗೊ ಪಾಯಸ್, ಅನಂತರ ಬಂದ ಕುದುರೆ ವ್ಯಾಪಾರಿ ಫೆರ್ನಾವೊ ನೂನಿಜ್, ಇವರಿಬ್ಬರ ಬರಹಗಳೂ ಪೋರ್ಚುಗೀಸ್ ಭಾಷೆಯಲ್ಲಿವೆ. ಪ್ಯಾರಿಸ್ಸಿನ ಗ್ರಂಥಾಲಯದಲ್ಲಿದ್ದ ಅವುಗಳ ಹಸ್ತಪ್ರತಿಯನ್ನು ಡೇವಿಡ್ ಲೋಪಿಸ್ 1897ರಲ್ಲಿ ಲಿಸ್ಬನ್ನಿನಿಂದ ಪ್ರಕಟಿಸಿದನು. 1900ರಲ್ಲಿ ರಾಬರ್ಟ್ ಸಿವೆಲ್ ಅವುಗಳನ್ನು ಇಂಗ್ಲಿಷಿಗೆ ತಂದು ತನ್ನ ವಿಜಯನಗರದ ಇತಿಹಾಸದಲ್ಲಿ ಸೇರಿಸಿದನು. ಮರೆತಿದ್ದ ನಮ್ಮ ಕಥೆಯೂ ಹೀಗೆ ಬೇರೆ ಭಾಷೆಯ ಹಳೆಯ ಕಾಗದದಲ್ಲಿ ಸಿಕ್ಕಿತು.

ಪಾಯಸ್ ಹೊಳೆಯ ಉತ್ತರದಡದ ಆನೆಗೊಂದಿಯ ಬಗ್ಗೆಯೂ ಬರೆದಿದ್ದಾನೆ. ಅಲ್ಲಿಗೆ ಜನ ದಾಟುತ್ತಿದ್ದ ದೋಣಿಗಳು ಬುಟ್ಟಿಯಂತೆ ಗುಂಡಗಿದ್ದವು. ಬೆತ್ತದಿಂದ ಹೆಣೆದು ಹೊರಗೆ ತೊಗಲು ಹೊದಿಸಿದ್ದರು. ಹದಿನೈದಿಪ್ಪತ್ತು ಜನ ಹಿಡಿಸುತ್ತಿದ್ದರು ಎಂಬುದು ಅವನ ವರ್ಣನೆ. ಸಣಾಪುರದ ಕೆರೆಯಲ್ಲಿ ಇಂದು ಪ್ರವಾಸಿಗರನ್ನು ಕೂರಿಸಿಕೊಂಡು ಗಿರಗಿರನೆ ತಿರುಗಿಸುವ ಹರಿಗೋಲು ಅದೇ. ಅಲ್ಲಿ ಹರಿಗೋಲು ಹತ್ತಿ ಚಿತ್ರ ತೆಗೆಸಿಕೊಳ್ಳುವ ವಿದ್ಯಾರ್ಥಿಗೆ, ಐನೂರು ವರ್ಷಗಳ ಹಿಂದೆ ಪೋರ್ಚುಗೀಸನೊಬ್ಬ ಇದನ್ನು ಬೆರಗಿನಿಂದ ದಾಖಲಿಸಿದ್ದಾನೆ ಎಂದು ತಿಳಿದಿದ್ದರೆ ಆಟದ ಸುಖವೇನೂ ಕಡಿಮೆಯಾಗದು, ಹೆಚ್ಚಾದೀತು.

ಈಗ ಹನುಮನಹಳ್ಳಿಗೆ ಬರೋಣ. ವಿರೂಪಾಪುರ ಗಡ್ಡೆಯ ರೆಸಾರ್ಟುಗಳನ್ನು ಸುಪ್ರೀಂ ಕೋರ್ಟಿನ ತೀರ್ಪಿನಂತೆ 2020ರಲ್ಲಿ ತೆರವುಗೊಳಿಸಿದ ನಂತರವೂ ಉತ್ತರದಡಕ್ಕೆ ಬರುವವರು ನಿಂತಿಲ್ಲ. ಸಣಾಪುರ, ಹನುಮನಹಳ್ಳಿ, ಆನೆಗೊಂದಿಗಳ ಹೋಂಸ್ಟೇಗಳಲ್ಲಿ ಬೆಂಗಳೂರು, ಹೈದರಾಬಾದುಗಳಿಂದ ಬಂದವರು ತಂಗುತ್ತಾರೆ. ಭಾರತಕ್ಕೆ ಓದಲೆಂದು ಬಂದ ವಿದೇಶೀಯರೂ ಅವರ ಜೊತೆಗಿರುತ್ತಾರೆ. ಹನುಮನಹಳ್ಳಿಯ ಹುಡುಗಿ ಟೊಲೆಡೊದಲ್ಲಿ ಯಾವ ಸ್ಥಾನದಲ್ಲಿದ್ದಳೋ ಅದೇ ಸ್ಥಾನದಲ್ಲಿ ಪರದೇಶದ ವಿದ್ಯಾರ್ಥಿ ಹನುಮನಹಳ್ಳಿಯಲ್ಲಿದ್ದಾನೆ. ಅವನ ಎರಡು ದಿನಗಳ ಪಟ್ಟಿಯೂ ಹೆಚ್ಚುಕಡಿಮೆ ಗೊತ್ತಿರುವುದೇ: ಬೆಳಗಿನ ಜಾವ ಅಂಜನಾದ್ರಿ, ಬಿಸಿಲೇರಿದ ಮೇಲೆ ಹರಿಗೋಲು, ಮರುದಿನ ವಿರೂಪಾಕ್ಷ, ಐವತ್ತು ರೂಪಾಯಿ ನೋಟಿನ ಮೇಲಿರುವ ಕಲ್ಲಿನ ರಥ, ಸಂಜೆ ಹೇಮಕೂಟದ ಮೇಲೆ ಸೂರ್ಯಾಸ್ತ. ಇದರಲ್ಲಿ ತಪ್ಪೇನೂ ಇಲ್ಲ. ಇದರಲ್ಲಿ ಅಕ್ಷರವೊಂದೂ ಇಲ್ಲ ಎಂಬುದೇ ನನ್ನ ಆಕ್ಷೇಪ.

ಹನುಮನಹಳ್ಳಿ ಎಂಬ ಹೆಸರನ್ನೇ ತೆಗೆದುಕೊಳ್ಳಿ. ಐನೂರಕ್ಕೂ ಹೆಚ್ಚು ಮೆಟ್ಟಿಲುಗಳ ಅಂಜನಾದ್ರಿ ಈ ಊರಿನ ಬಗಲಿಗೇ ಇದೆ. ಅದು ಆಂಜನೇಯನ ಜನ್ಮಸ್ಥಳವೆಂಬುದು ಈ ನಾಡಿನ ಶ್ರದ್ಧೆ. 2021ರಲ್ಲಿ ತಿರುಮಲ ತಿರುಪತಿ ದೇವಸ್ಥಾನವು ತಿರುಮಲದ ಅಂಜನಾದ್ರಿಯೇ ಆ ಸ್ಥಳವೆಂದು ಪ್ರತಿಪಾದಿಸಿದಾಗ ಪತ್ರಿಕೆಗಳಲ್ಲಿ ಬಿಸಿ ಚರ್ಚೆ ನಡೆಯಿತು. ಯಾವ ಬೆಟ್ಟ ನಿಜ ಎಂಬ ಪ್ರಶ್ನೆ ಭಕ್ತರದು; ಅದನ್ನು ಅವರಿಗೇ ಬಿಡೋಣ. ಸಾಹಿತ್ಯದ ವಿದ್ಯಾರ್ಥಿಯ ಪ್ರಶ್ನೆ ಬೇರೆ: ಈ ಬೆಟ್ಟದ ಕಥೆಯನ್ನು ಕನ್ನಡ ಎಷ್ಟು ಬಗೆಯಾಗಿ ಹೇಳಿದೆ? ಅಭಿನವಪಂಪನೆಂದು ಹೆಸರಾದ ನಾಗಚಂದ್ರನ "ರಾಮಚಂದ್ರಚರಿತ ಪುರಾಣ"ದಲ್ಲಿ ಕಿಷ್ಕಿಂಧೆಯವರು ಕಪಿಗಳಲ್ಲ. ಕಪಿಯನ್ನು ಧ್ವಜದಲ್ಲಿ ಧರಿಸಿದ ವಿದ್ಯಾಧರ ಕುಲದವರು. ವಿಮಲಸೂರಿಯ ಪ್ರಾಕೃತ "ಪಉಮಚರಿಯ"ದಿಂದ ಹರಿದುಬಂದ ಧಾರೆ ಅದು. ಅಲ್ಲಿ ಹನುಮನಿಗೆ ಆ ಹೆಸರು ಬಂದದ್ದು ಹನೂರುಹವೆಂಬ ಊರಿನಿಂದ. ತೊರವೆಯ ಕುಮಾರವಾಲ್ಮೀಕಿ ಭಕ್ತಿಯ ದಾರಿ ಹಿಡಿದನು. ಕುವೆಂಪು ತಮ್ಮ ಮಹಾಕಾವ್ಯದಲ್ಲಿ ವಾನರರನ್ನು ಕಾಡಿನ ಜನಾಂಗವಾಗಿ ಕಂಡರು. ವಾಲ್ಮೀಕಿಯ ಕಿಷ್ಕಿಂಧಾಕಾಂಡದ ಒಂದು ಸರ್ಗವನ್ನೂ ನಾಗಚಂದ್ರನ ಅದೇ ಭಾಗವನ್ನೂ ಓದಿಕೊಂಡು ಅಂಜನಾದ್ರಿಯ ಮೆಟ್ಟಿಲ ಮೇಲೆ ಕುಳಿತರೆ, ಒಂದು ಊರಿನ ಹೆಸರು ಮೂರು ನಾಲ್ಕು ಲೋಕದೃಷ್ಟಿಗಳ ಸಂಗಮವಾಗಿ ತೋರುತ್ತದೆ. ಇದಕ್ಕೆ ಹಣ ಬೇಕಿಲ್ಲ, ಅನುಮತಿ ಬೇಕಿಲ್ಲ. ಶನಿವಾರದ ಒಂದು ಬೆಳಗು ಸಾಕು.

ಶನಿವಾರದ ಮಧ್ಯಾಹ್ನ ಹೊಳೆ ದಾಟಿ ಹಂಪಿಗೆ ಹೋಗಲಿ. ಅಲ್ಲಿಯೂ ಓದುವ ಕಣ್ಣಿಗೆ ಬೇರೆಯದೇ ಹಂಪಿ ಕಾಣುತ್ತದೆ. ಕಮಲಾಪುರದಿಂದ ಕಂಪ್ಲಿಗೆ ಹೋಗುವ ರಸ್ತೆಯ ಪಕ್ಕದಲ್ಲಿ "ಗಾಣಗಿತ್ತಿ ಗುಡಿ" ಎಂದು ಜನ ಕರೆಯುವ ಒಂದು ಕಟ್ಟಡವಿದೆ. ಹೆಸರು ಕೇಳಿದರೆ ಗಾಣದವಳೊಬ್ಬಳು ಕಟ್ಟಿಸಿದಂತೆ ತೋರುತ್ತದೆ. ಎದುರಿನ ಕಂಬದ ಮೇಲಿನ 1385ರ ಸಂಸ್ಕೃತ ಶಾಸನ ಬೇರೆ ಮಾತು ಹೇಳುತ್ತದೆ: ಎರಡನೆಯ ಹರಿಹರನ ದಂಡನಾಯಕ ಇರುಗಪ್ಪ ಕುಂಥು ಜಿನನಾಥನಿಗಾಗಿ ಕಟ್ಟಿಸಿದ ಚೈತ್ಯಾಲಯ ಇದು. ಆ ದಂಡನಾಯಕ "ನಾನಾರ್ಥರತ್ನಮಾಲಾ" ಎಂಬ ಸಂಸ್ಕೃತ ನಿಘಂಟಿನ ಕರ್ತೃವೂ ಹೌದು. ಪಾನ್ ಸುಪಾರಿ ಬಜಾರಿನಲ್ಲಿ ಎರಡನೆಯ ದೇವರಾಯನೇ 1426ರಲ್ಲಿ ಪಾರ್ಶ್ವನಾಥ ಚೈತ್ಯಾಲಯ ಕಟ್ಟಿಸಿದನು. ಇದಕ್ಕೆ ವ್ಯತಿರಿಕ್ತವಾಗಿ ಹೇಮಕೂಟದ ಮೇಲಿನ ಮೆಟ್ಟಿಲು ಶಿಖರದ ಗುಡಿಗಳನ್ನು ಎಷ್ಟೋ ಮಂದಿ ಜೈನ ಬಸದಿಗಳೆಂದು ತೋರಿಸಿಬಿಡುತ್ತಾರೆ. ಅಲ್ಲಿನ ತ್ರಿಕೂಟವೊಂದರ ಶಾಸನವನ್ನು ಓದಿದರೆ ಅದು ಮುಮ್ಮಡಿ ಸಿಂಗೆಯನಾಯಕನ ಮಗ ಕಂಪಿಲದೇವ ಕಟ್ಟಿಸಿದ ಶಿವಾಲಯವೆಂದು ತಿಳಿಯುತ್ತದೆ. ಈ ಕಂಪಿಲನ ಮಗನೇ ನಂಜುಂಡ ಕವಿಯ ಸಾಂಗತ್ಯದ ನಾಯಕ ಕುಮಾರರಾಮ. ಅವನ ಕುಮ್ಮಟದುರ್ಗ ಇರುವುದು ಮತ್ತೆ ಉತ್ತರದಡದ ಗಂಗಾವತಿ ಸೀಮೆಯಲ್ಲಿ. ಯಾವ ಗುಡಿ ಯಾರದು ಎಂಬುದನ್ನು ಶಿಖರದ ಆಕಾರದಿಂದ ಊಹಿಸುವವನಿಗೂ ಶಾಸನದಿಂದ ಅರಿಯುವವನಿಗೂ ಇರುವ ಅಂತರವೇ ಪ್ರವಾಸಿಗೂ ವಿದ್ಯಾರ್ಥಿಗೂ ಇರುವ ಅಂತರ. ಜೈನನಾದವನು ಹೇಮಕೂಟವನ್ನು ತನ್ನದೆಂದು ಹೇಳಿಕೊಳ್ಳುವುದು ಎಷ್ಟು ತಪ್ಪೋ, ಗಾಣಗಿತ್ತಿಯ ಹೆಸರಿನಲ್ಲಿ ಇರುಗಪ್ಪನನ್ನು ಮರೆಯುವುದೂ ಅಷ್ಟೇ ತಪ್ಪು.

ಭಾನುವಾರ ಕೊಪ್ಪಳಕ್ಕೆ ಮೀಸಲಾಗಬೇಕು. ಬೆಂಗಳೂರಿನ ವಿದ್ಯಾರ್ಥಿಗಳನ್ನು ಹೊಸಪೇಟೆಯಲ್ಲಿ ಇಳಿಸುವ ಹಂಪಿ ಎಕ್ಸ್‌ಪ್ರೆಸ್ ಕೊಪ್ಪಳದ ಮೇಲೆಯೇ ಹುಬ್ಬಳ್ಳಿಗೆ ಹೋಗುತ್ತದೆ. ಆದರೂ ಹಂಪಿಗೆ ಬಂದವರಲ್ಲಿ ಕೊಪ್ಪಳದ ಬೆಟ್ಟ ಹತ್ತುವವರು ವಿರಳ. ಇದಕ್ಕೊಂದು ಚಾರಿತ್ರಿಕ ಕಾರಣವೂ ಇದೆ. ಬ್ರಿಟಿಷರ ಕಾಲದಲ್ಲಿ ಹೊಳೆಯ ದಕ್ಷಿಣದಡ ಮದ್ರಾಸ್ ಪ್ರಾಂತದ ಬಳ್ಳಾರಿ ಜಿಲ್ಲೆಯಲ್ಲಿತ್ತು; ಉತ್ತರದಡ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಲಾಂಗ್‌ಹರ್ಸ್ಟ್ ಬರೆದ ಹಂಪಿಯ ಕೈಪಿಡಿ 1917ರಲ್ಲಿ ಮದ್ರಾಸಿನಿಂದ ಬಂತು. ಕೊಪ್ಪಳದ ಕನ್ನಡ ಶಾಸನಗಳನ್ನು ಸಿ. ಆರ್. ಕೃಷ್ಣಮಾಚಾರ್ಲು ಸಂಪಾದಿಸಿದ್ದು 1935ರಲ್ಲಿ, ಹೈದರಾಬಾದ್ ಪುರಾತತ್ತ್ವ ಇಲಾಖೆಯ ಮಾಲೆಯಲ್ಲಿ. ಒಂದೇ ಹೊಳೆಯ ಎರಡು ದಡಗಳ ಚರಿತ್ರೆ ಎರಡು ಸರ್ಕಾರಗಳ ಎರಡು ಕಪಾಟುಗಳಲ್ಲಿ ಉಳಿಯಿತು. ನಾಡು ಒಂದಾದ ಮೇಲೂ ಪ್ರವಾಸದ ನಕ್ಷೆ ಹಳೆಯ ಗಡಿಯನ್ನೇ ಪಾಲಿಸುತ್ತಿದೆ. ಇಂದು ಹೊಳೆಯ ಒಂದು ದಡ ವಿಜಯನಗರ ಜಿಲ್ಲೆ, ಇನ್ನೊಂದು ದಡ ಕೊಪ್ಪಳ ಜಿಲ್ಲೆ.

ಕೊಪ್ಪಳವನ್ನು ಕಾಣದೆ ಕನ್ನಡ ಸಾಹಿತ್ಯದ ವಿದ್ಯಾರ್ಥಿ ಈ ಸೀಮೆಯಿಂದ ಮರಳಬಾರದು ಎಂದು ನಾನು ಹೇಳುವುದು ಏಕೆ? "ಕವಿರಾಜಮಾರ್ಗ"ವು ಕಾವೇರಿಯಿಂದ ಗೋದಾವರಿಯವರೆಗಿನ ಕನ್ನಡನಾಡನ್ನು ಹೇಳಿ, ಅದರೊಳಗೆ ಕನ್ನಡದ ತಿರುಳೆಂದು ನಾಲ್ಕು ಊರುಗಳ ನಡುವಿನ ನೆಲವನ್ನು ಗುರುತಿಸುತ್ತದೆ: ಕಿಸುವೊಳಲು, ಕೊಪಣ, ಪುಲಿಗೆರೆ, ಒಕ್ಕುಂದ. ಆ ಕೊಪಣವೇ ಕೊಪ್ಪಳ. ತರಗತಿಯಲ್ಲಿ ಈ ನಾಲ್ಕು ಹೆಸರುಗಳನ್ನು ಬಾಯಿಪಾಠ ಮಾಡಿದವರು ಸಾವಿರಾರು. ಅವುಗಳಲ್ಲೊಂದರ ಬಂಡೆಯ ಮೇಲೆ ನಿಂತವರು ಎಷ್ಟು ಮಂದಿ? ರನ್ನನು "ಅಜಿತಪುರಾಣ"ದಲ್ಲಿ ಅತ್ತಿಮಬ್ಬೆಯ ಪಾವಿತ್ರ್ಯಕ್ಕೆ ಉಪಮಾನಗಳನ್ನು ಹುಡುಕುವಾಗ ಕೊಪಣದ ಬೆಟ್ಟವನ್ನು ಕರೆತರುತ್ತಾನೆ. ಆ ಉಪಮೆ ಓದುಗನ ಮನಸ್ಸಿನಲ್ಲಿ ಅರಳಬೇಕಾದರೆ ಬೆಟ್ಟ ಕಣ್ಣಿಗೆ ಬಿದ್ದಿರಬೇಕು.

ಕೊಪ್ಪಳದ ಗವಿಮಠದ ಬೆಟ್ಟದಲ್ಲಿಯೂ ಪಾಲ್ಕಿಗುಂಡು ಎಂಬ ಬೆಟ್ಟದಲ್ಲಿಯೂ ಅಶೋಕನ ಕಿರುಬಂಡೆಶಾಸನಗಳಿವೆ. ಪ್ರಾಕೃತ ಭಾಷೆ, ಬ್ರಾಹ್ಮಿ ಲಿಪಿ, ಕ್ರಿಸ್ತಪೂರ್ವ ಮೂರನೆಯ ಶತಮಾನ. ಇವು ವಿದ್ವಾಂಸರ ಗಮನಕ್ಕೆ ಬಂದದ್ದು 1931ರಲ್ಲಿ. ಪಾಲ್ಕಿಗುಂಡಿನಲ್ಲಿ ಅಶೋಕನ ಬರಹಕ್ಕೆ ಸಮೀಪದಲ್ಲೇ ಬಂಡೆಯ ಮೇಲೆ ಕೊರೆದ ಎರಡು ಪಾದಗಳಿವೆ. ಅವುಗಳ ಕೆಳಗೆ ಹಳಗನ್ನಡದ ಎರಡೇ ಸಾಲಿನ ಶಾಸನ. ಜಟಾಸಿಂಹನಂದಿ ಆಚಾರ್ಯರ ಪಾದವನ್ನು ಚಾವಯ್ಯನೆಂಬಾತ ಮಾಡಿಸಿದನು ಎಂಬುದಷ್ಟೇ ಅದರ ಅರ್ಥ. ಈ ಜಟಾಸಿಂಹನಂದಿ ಯಾರು? "ವರಾಂಗಚರಿತ" ಎಂಬ ಸಂಸ್ಕೃತ ಕಾವ್ಯದ ಕರ್ತೃ. ಪಂಪನೇ ಮೊದಲಾದ ಕನ್ನಡ ಕವಿಗಳು ಜಟಾಚಾರ್ಯನೆಂದು ಗೌರವದಿಂದ ನೆನೆದ ಹಿರಿಯ. ಆ ಕಾವ್ಯವನ್ನು 1938ರಲ್ಲಿ ಸಂಪಾದಿಸಿದ ಎ. ಎನ್. ಉಪಾಧ್ಯೆಯವರು ಈ ಕೊಪ್ಪಳದ ಪಾದಗಳನ್ನು ಕವಿಯೊಡನೆ ಜೋಡಿಸಿ ತೋರಿಸಿದರು.

ಈಗ ಟೊಲೆಡೊದ ಗೋಡೆಯನ್ನು ನೆನೆಯಿರಿ. ಒಂದೇ ಬೆಟ್ಟದ ಮೇಲೆ ಬೌದ್ಧ ಅರಸನ ಪ್ರಾಕೃತ ಶಾಸನ, ಸಂಸ್ಕೃತ ಕವಿಯೊಬ್ಬನ ಸ್ಮಾರಕ, ಅದನ್ನು ಮಾಡಿಸಿದ ಸಾಮಾನ್ಯನ ಕನ್ನಡ. ಮೂರು ಭಾಷೆಗಳು ಒಂದರ ಹತ್ತಿರ ಒಂದು, ಸಾವಿರಕ್ಕೂ ಮಿಕ್ಕ ವರ್ಷಗಳ ಅಂತರದಲ್ಲಿ. ಗವಿಮಠವಂತೂ ಇಂದು ಕೊಪ್ಪಳದ ಜೀವನಾಡಿಯಾದ ವೀರಶೈವ ಮಠ. ಅದರ ಜಾತ್ರೆಗೆ ಲಕ್ಷಾಂತರ ಜನ ಸೇರುತ್ತಾರೆ. ಅದೇ ಬೆಟ್ಟದ ನೆತ್ತಿಯಲ್ಲಿ ಅಶೋಕನ ಅಕ್ಷರಗಳಿವೆ. ಟೊಲೆಡೊಗೆ ಹೋಲಿಸುವಾಗ ಒಂದು ಎಚ್ಚರವೂ ಅಗತ್ಯ. ಅಲ್ಲಿ ಗೋಡೆಗಳು ಕೈ ಬದಲಾಯಿಸಿದ್ದು ಬಲವಂತದಿಂದ, ಜನರನ್ನು ಹೊರದೂಡಿದ್ದರಿಂದ. ಕೊಪಣದಲ್ಲಿ ಜಿನಧರ್ಮದ ಪ್ರಭಾವ ಕುಗ್ಗಿದ ಬಗೆಯನ್ನು ಆ ಮಾದರಿಗೆ ಅವಸರದಿಂದ ಒಗ್ಗಿಸಬಾರದು. "ಸರ್ವಧರ್ಮ ಸಮನ್ವಯ" ಎಂಬ ಸಿಹಿಮಾತಿಗೂ ಒಗ್ಗಿಸಬಾರದು. ಘೋಷವಾಕ್ಯವನ್ನು ಬದಿಗಿಟ್ಟು ಬಂಡೆ ಏನು ಹೇಳುತ್ತದೆಂದು ಕೇಳುವುದೇ ವಿದ್ಯಾರ್ಥಿಯ ಕೆಲಸ.

ಕೊಪ್ಪಳದ ಶಾಸನಗಳಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಶಕ 803ರ, ಎಂದರೆ ಕ್ರಿ.ಶ. 881ರ, ಶಾಸನ. ಕವಿರಾಜಮಾರ್ಗದ ಕಾಲಕ್ಕೆ ಹತ್ತಿರದ್ದು. ಏಕಚಟ್ಟುಗದ ಭಟಾರರ ಶಿಷ್ಯರಾದ ಸರ್ವನಂದಿ ಭಟಾರರು ಕೊಪಣದಲ್ಲಿ ನೆಲೆಸಿ, ಊರಿನ ಜನಕ್ಕೆ ಶಾಸ್ತ್ರವನ್ನು ಬೋಧಿಸಿ, ತಪಗೈದು ಸಮಾಧಿಮರಣ ಹೊಂದಿದರೆಂದು ಅದು ಹೇಳುತ್ತದೆ. ಯುದ್ಧದ ಗೆಲುವಲ್ಲ, ಭೂದಾನವಲ್ಲ. ಊರಿಗೆ ಪಾಠ ಹೇಳಿದ ಒಬ್ಬ ಮೇಷ್ಟರ ನೆನಪು. ಹನುಮನಹಳ್ಳಿಯ ವಿದ್ಯಾರ್ಥಿನಿ "ಓದು ಎಂದು ಹೇಳಿದವರು ಯಾರೂ ಇಲ್ಲ" ಎಂದು ಬರೆದಾಗ ನನಗೆ ಮೊದಲು ನೆನಪಾದದ್ದು ಈ ಶಾಸನ. ಅವಳ ಊರಿನ ಜಿಲ್ಲಾಕೇಂದ್ರದಲ್ಲೇ ಹನ್ನೊಂದು ಶತಮಾನಗಳ ಹಿಂದಿನ ಒಬ್ಬ ಬೋಧಕನ ಹೆಸರು ಕಲ್ಲಿನಲ್ಲಿದೆ.

ಇದಕ್ಕೆ ಬರಬಹುದಾದ ಆಕ್ಷೇಪಗಳನ್ನು ನಾನು ಬಲ್ಲೆ. ಸಂಶೋಧನೆಯಲ್ಲಿ ನುರಿತವರು, ಎರಡು ದಿನದ ಓದು ಅರೆಬೆಂದ ತಿಳಿವಳಿಕೆಗೆ ದಾರಿ, ಅದಕ್ಕಿಂತ ಸುಮ್ಮನಿರುವುದು ಲೇಸು ಎನ್ನಬಹುದು. ಅರೆಬೆಂದ ತಿಳಿವಳಿಕೆ ಹುಟ್ಟುವುದು ಹತ್ತು ಸ್ಥಳಗಳನ್ನು ಓಡಿ ನೋಡಿದಾಗ. ಒಂದು ಶಾಸನವನ್ನು ಒಂದು ಗಂಟೆ ಓದಿದಾಗ ಅಲ್ಲ. ಹೇಮಕೂಟವನ್ನು ಬಸದಿಯೆನ್ನುವ ತಪ್ಪು ಹರಡಿದ್ದು ಸುಮ್ಮನೆ ನೋಡಿದವರಿಂದಲೇ. ಇನ್ನು ವಿದ್ಯಾರ್ಥಿಗಳು, ವಾರವಿಡೀ ಓದಿ ದಣಿದವರಿಗೆ ವಾರಾಂತ್ಯದಲ್ಲಾದರೂ ನೆಮ್ಮದಿ ಬೇಡವೆ ಎನ್ನಬಹುದು. ಖಂಡಿತ ಬೇಕು. ಹರಿಗೋಲಿನ ಆಟ ಬಿಡಿ ಎಂದು ನಾನು ಹೇಳುತ್ತಿಲ್ಲ. ನಲವತ್ತೆಂಟು ಗಂಟೆಗಳಲ್ಲಿ ಎರಡು ಗಂಟೆಯನ್ನು ಅಕ್ಷರಕ್ಕೆ ಕೊಡಿ ಎನ್ನುತ್ತಿದ್ದೇನೆ.

ಈ ಎರಡು ಗಂಟೆಗಳ ಮೇಲೆ ನಿಂತಿರುವುದು ವಿದ್ಯಾರ್ಥಿಯ ಜ್ಞಾನವೊಂದೇ ಅಲ್ಲ. ಜನ ಹೋಗುವ ಕಡೆಗೆ ದಾರಿಯಾಗುತ್ತದೆ, ಫಲಕ ಬರುತ್ತದೆ, ಕಾವಲು ಬರುತ್ತದೆ. ಯಾರೂ ಹೋಗದ ಬಂಡೆಯನ್ನು ಮಳೆ ಬಿಸಿಲಿನ ಜೊತೆಗೆ ಬಣ್ಣದ ಡಬ್ಬಿ ಹಿಡಿದವನೂ ನಿಧಿಯಾಸೆಯವನೂ ಹಂಚಿಕೊಳ್ಳುತ್ತಾರೆ. ಹಂಪಿಯ ಸ್ಮಾರಕದ ಕಂಬವೊಂದನ್ನು ಯುವಕರು ದೂಡಿ ಕೆಡವಿದ ವಿಡಿಯೊ 2019ರಲ್ಲಿ ಎಲ್ಲೆಡೆ ಹರಿದಾಡಿತು. ನ್ಯಾಯಾಲಯ ಅವರಿಗೆ ದಂಡ ಹಾಕಿದ್ದಲ್ಲದೆ ಆ ಕಂಬವನ್ನು ಅವರಿಂದಲೇ ಮತ್ತೆ ನಿಲ್ಲಿಸಿತು. ಅದು ಎಲ್ಲರ ಕಣ್ಣಿರುವ ಹಂಪಿಯಾದ್ದರಿಂದ ಸುದ್ದಿಯಾಯಿತು. ಪಾಲ್ಕಿಗುಂಡಿನ ಎರಡು ಸಾಲುಗಳು ಅಳಿಸಿದರೆ ಸುದ್ದಿಯಾಗಬೇಕಾದರೆ, ಅವು ಅಲ್ಲಿದ್ದವೆಂದು ತಿಳಿದವರು ಸಾಕಷ್ಟು ಜನ ಇರಬೇಕು.

ಆಗಬೇಕಾದ ಕೆಲಸ ದೊಡ್ಡದೇನಲ್ಲ. ಕನ್ನಡ ಸ್ನಾತಕೋತ್ತರ ವಿಭಾಗಗಳು ಹಂಪಿ ಪ್ರವಾಸಕ್ಕೆ ಹೊರಡುವ ಪ್ರತಿ ವಿದ್ಯಾರ್ಥಿಗೂ ಒಂದು ಶಾಸನದ ಪಾಠವನ್ನು, ಅದರ ಹೊಸಗನ್ನಡ ಅರ್ಥದೊಡನೆ, ಒಂದು ಹಾಳೆಯಲ್ಲಿ ಮುದ್ರಿಸಿ ಕೊಡಲಿ, ಮರಳಿದ ಮೇಲೆ ಎರಡು ಪುಟದ ಟಿಪ್ಪಣಿ ಕೇಳಲಿ, ಅದಕ್ಕೆ ಅಂಕವಿರಲಿ. 1991ರಿಂದ ಹಂಪಿಯ ಮಡಿಲಲ್ಲೇ ಇರುವ ಕನ್ನಡ ವಿಶ್ವವಿದ್ಯಾಲಯ ಕೊಪಣದ ಶಾಸನಗಳಿಗೆ ಕೈಚೀಲದಲ್ಲಿ ಹಿಡಿಸುವ ಒಂದು ಪುಸ್ತಿಕೆ ತರಲು ಅತ್ಯಂತ ಯೋಗ್ಯ ಸಂಸ್ಥೆ. ಹನುಮನಹಳ್ಳಿ, ಆನೆಗೊಂದಿ, ಸಣಾಪುರಗಳ ತರುಣ ತರುಣಿಯರಿಗೆ ಶಾಸನದ ಓದಿನಲ್ಲಿ ಕೆಲವು ದಿನಗಳ ತರಬೇತಿ ಕೊಟ್ಟರೆ, ಹೋಂಸ್ಟೇಗೆ ಬಂದ ಪರದೇಶದ ವಿದ್ಯಾರ್ಥಿಗೆ ದಾರಿ ತೋರಿಸುವುದು ಗೌರವದ ಜೀವನೋಪಾಯವಾಗುತ್ತದೆ. ಊರಿನವರು ತಾವೇ ಓದಿ ಹೇಳುವ ಊರನ್ನು ಪರರು ಹಗುರವಾಗಿ ಕಾಣುವುದಿಲ್ಲ.

ಮ್ಯಾಡ್ರಿಡ್‌ನಲ್ಲಿರುವ ನಮ್ಮ ವಿದ್ಯಾರ್ಥಿನಿಗೆ ನಾನು ಕೊಟ್ಟ ಉತ್ತರ ಇಷ್ಟೇ: ನಿಮ್ಮ ಕಡೆ ಓದುವಂಥದ್ದು ಧಾರಾಳವಾಗಿದೆ, ತೋರಿಸುವವರು ಕಡಿಮೆ, ನೀನು ರಜೆಗೆ ಬಂದಾಗ ನಿನ್ನ ಸಹಪಾಠಿಗಳಿಬ್ಬರನ್ನು ಕರೆದುಕೊಂಡು ಬಾ, ಶನಿವಾರ ನಾಗಚಂದ್ರ, ಭಾನುವಾರ ಕೊಪಣ. ಓದುಗರಲ್ಲಿಯೂ ಇದೇ ವಿನಂತಿ. ಮುಂದಿನ ಸಲ ಹೊಸಪೇಟೆಗೆ ರೈಲಿನ ಚೀಟಿ ತೆಗೆಸುವಾಗ ಮರಳುವ ಚೀಟಿಯನ್ನು ಕೊಪ್ಪಳದಿಂದ ತೆಗೆಸಿರಿ.